ಪೆಟ್ರೋಲಿಗೆ ಹಾಕುವ 'ಔಷಧಿ': ಎಂಜಿನ್ನಿಗೆ ಯಾವಾಗ ಬೇಕು, ಯಾವಾಗ ಬೇಡ?

– ಪಶುವೈದ್ಯಾಧಿಕಾರಿ, ಹಾಲು ಒಕ್ಕೂಟ



ಇತ್ತೀಚೆಗೆ ಸಂಘಗಳ ಸಭೆಗೆ ಹೋದಾಗಲೆಲ್ಲ ಹಸುವಿನ ಪ್ರಶ್ನೆಗಳ ಜೊತೆಗೆ ಒಂದು ಎಂಜಿನ್ ಪ್ರಶ್ನೆಯೂ ಬರುತ್ತಿದೆ. "ಡಾಕ್ಟ್ರೇ, ಪೆಟ್ರೋಲಿಗೆ ಹಾಕೋ ಔಷಧಿ ಅಂತ ಅಂಗಡೀಲಿ ಬಾಟ್ಲಿ ಕೊಡ್ತಾರೆ. ಹಾಕಿದ್ರೆ ಮಿಷಿನ್ನು ಮೊದಲಿನ ಹಾಗೆ ಓಡುತ್ತಾ?"

ಪಶುವೈದ್ಯರಿಗೂ ಎಂಜಿನ್ನಿಗೂ ಏನು ಸಂಬಂಧ ಎಂದು ನಗಬೇಡಿ. ಕರೆಂಟ್ ಇಲ್ಲದ ಹೊತ್ತಿನಲ್ಲಿ ಹಾಲು ಕರೆಯುವ ಯಂತ್ರ ಓಡುವುದು ಪೆಟ್ರೋಲ್ ಎಂಜಿನ್ನಿನಿಂದ. ಹಸಿರು ಹುಲ್ಲು ಕೊಯ್ಯುವ ಬ್ರಷ್ ಕಟರ್‌ಗೆ, ಕೆಲವರ ಮನೆಯ ಹುಲ್ಲು ಕತ್ತರಿಸುವ ಯಂತ್ರಕ್ಕೆ, ಬೆಳಿಗ್ಗೆ ಕ್ಯಾನ್ ಹೊತ್ತು ಡೇರಿಗೆ ಹೋಗುವ ಮೊಪೆಡ್ಡಿಗೆ ಬೇಕಾಗಿರುವುದೂ ಪೆಟ್ರೋಲೇ. ಈ ಎಂಜಿನ್ನುಗಳು ಕೈಕೊಟ್ಟರೆ ಅದರ ಫಲ ಕೊನೆಗೆ ಬಂದು ಬೀಳುವುದು ಹಸುವಿನ ಕೆಚ್ಚಲ ಮೇಲೆ, ನಿಮ್ಮ ಹಾಲಿನ ಲೆಕ್ಕದ ಮೇಲೆ. ಹಾಗಾಗಿ ಈ ಬಾರಿ ಈ ಬಾಟಲಿಯ ವಿಷಯವನ್ನೇ ಮಾತಾಡೋಣ.

ಎಂಜಿನ್ ಒಳಗೆ ಕಟ್ಟುವ ಕೊಳೆ ಯಾವುದು?

ಹಾಲಿನ ಕ್ಯಾನನ್ನು ನಾಲ್ಕು ದಿನ ಬರೀ ನೀರಿನಲ್ಲಿ ತೊಳೆದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಮೊದಲು ಜಿಡ್ಡು, ಆಮೇಲೆ ಅಂಚಿನಲ್ಲಿ ಹಳದಿ ಪೊರೆ, ಕೊನೆಗೆ ಉಗುರಿನಲ್ಲಿ ಕೆರೆದರೂ ಬಾರದ ಗಟ್ಟಿ ಪದರ. ಎಂಜಿನ್ನಿನಲ್ಲೂ ಹೀಗೆಯೇ ಆಗುತ್ತದೆ. ಅಲ್ಲಿ ಕಟ್ಟುವ ಕೊಳೆ ಎರಡು ಬಗೆಯದು.

ಮೊದಲನೆಯದು ಅಂಟು. ಪೆಟ್ರೋಲ್ ಬಹಳ ದಿನ ನಿಂತರೆ ಅದರಲ್ಲಿನ ಹಗುರ ಅಂಶ ಆವಿಯಾಗಿ ಹೋಗುತ್ತದೆ, ಉಳಿದದ್ದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗೋಂದಿನ ಹಾಗೆ ಆಗುತ್ತದೆ. ಈ ಗೋಂದು ಕಾರ್ಬುರೇಟರಿನ ಜೆಟ್ಟಿನಲ್ಲಿ ಕೂರುತ್ತದೆ. ಜೆಟ್ಟಿನ ರಂಧ್ರ ಸೂಜಿ ತುದಿಯಷ್ಟು ಸಣ್ಣದು. ಸ್ವಲ್ಪ ಅಂಟಿದರೂ ಪೆಟ್ರೋಲ್ ಹರಿಯುವುದು ಕಡಿಮೆಯಾಗುತ್ತದೆ.

ಎರಡನೆಯದು ಮಸಿ. ಪೆಟ್ರೋಲ್ ಅಥವಾ ಆಯಿಲ್ ಪೂರ್ತಿ ಉರಿಯದೆ ಹೋದಾಗ ವಾಲ್ವಿನ ಹಿಂಭಾಗ, ಪಿಸ್ಟನ್ನಿನ ತಲೆ, ಸ್ಪಾರ್ಕ್ ಪ್ಲಗ್ಗು, ಸೈಲೆನ್ಸರ್ ಇವುಗಳ ಮೇಲೆಲ್ಲ ಕರಿ ಪದರ ಕಟ್ಟುತ್ತದೆ. ಒಲೆಯ ಮೇಲಿನ ಪಾತ್ರೆಯ ತಳದ ಮಸಿಯಂತೆಯೇ ಇದು.

ಈ ಕೊಳೆ ಹೆಚ್ಚಾದಾಗ ಎಂಜಿನ್ ಬೇಗ ಸ್ಟಾರ್ಟ್ ಆಗುವುದಿಲ್ಲ. ಚೋಕ್ ತೆಗೆದರೆ ನಿಂತುಹೋಗುತ್ತದೆ. ಲೋಡ್ ಬಿದ್ದಾಗ ಉಸಿರು ಕಟ್ಟಿದ ಹಾಗೆ ಮುಗ್ಗರಿಸುತ್ತದೆ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ.

ಬಾಟಲಿಯ ಒಳಗೆ ಏನಿದೆ?

ತುಪ್ಪದ ಪಾತ್ರೆಗೆ ಸೋಪು ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ಸೋಪಿನ ಕಣದ ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ಪೆಟ್ರೋಲ್ ಕ್ಲೀನರಿನ ಕಣವೂ ಒಂದು ತುದಿಯಿಂದ ಕೊಳೆಯನ್ನು ಹಿಡಿದು, ಇನ್ನೊಂದು ತುದಿಯಿಂದ ಪೆಟ್ರೋಲಿನಲ್ಲಿ ಕರಗಿ ಕೊಳೆಯನ್ನು ಎಳೆದುಕೊಂಡು ಹೋಗುತ್ತದೆ. ಆ ಕೊಳೆ ಎಂಜಿನ್ನಿನಲ್ಲಿ ಉರಿದು ಹೊಗೆಯಾಗಿ ಹೊರಬೀಳುತ್ತದೆ.

ಇವುಗಳಲ್ಲಿ ಹೆಚ್ಚು ಕೆಲಸ ಮಾಡುವುದು ಪಾಲಿಈಥರ್ ಅಮೈನ್ ಎಂಬ ವಸ್ತು. ಬಾಟಲಿಯ ಮೇಲೆ ಇದನ್ನು ಪಿಇಎ ಎಂದು ಬರೆದಿರುತ್ತಾರೆ. ಇದು ಬಿಸಿಗೆ ತಡೆದುಕೊಳ್ಳುವುದರಿಂದ ಪೆಟ್ರೋಲ್ ಉರಿಯುವ ಕೋಣೆಯ ಮಸಿಯವರೆಗೂ ಹೋಗಿ ಕೆಲಸ ಮಾಡುತ್ತದೆ. ಪಿಐಬಿಎ ಎಂಬ ಇನ್ನೊಂದು ಬಗೆ ಇಂಜೆಕ್ಟರನ್ನೂ ವಾಲ್ವನ್ನೂ ಶುಚಿ ಮಾಡುತ್ತದೆ, ಆದರೆ ಉರಿಯುವ ಕೋಣೆಯಲ್ಲಿ ತಾನೇ ಸ್ವಲ್ಪ ಪದರ ಬಿಡಬಹುದು. ಬರೀ ಸೀಮೆಎಣ್ಣೆಯಂಥ ದ್ರಾವಕ ತುಂಬಿ ಬಣ್ಣದ ಲೇಬಲ್ ಅಂಟಿಸಿದ ಬಾಟಲಿಗಳಿಂದ ಹೇಳಿಕೊಳ್ಳುವ ಪ್ರಯೋಜನವಿಲ್ಲ.

ಇದು ಹೊಸ ವಿದ್ಯೆಯೂ ಅಲ್ಲ. ಅಮೆರಿಕದಲ್ಲಿ 1995ರಿಂದ ಎಲ್ಲ ಪೆಟ್ರೋಲಿಗೂ ಕನಿಷ್ಠ ಇಷ್ಟು ಕ್ಲೀನರ್ ಬೆರೆಸಿಯೇ ಮಾರಬೇಕೆಂಬ ಕಾನೂನಿದೆ. ಅಲ್ಲಿನ ವಾಹನ ಮಾಲೀಕರ ಸಂಘಟನೆ ಎಎಎ 2016ರಲ್ಲಿ ಒಂದು ಪರೀಕ್ಷೆ ಮಾಡಿಸಿತು. ಹೆಚ್ಚು ಕ್ಲೀನರ್ ಇರುವ ಪೆಟ್ರೋಲಿಗೆ ಹೋಲಿಸಿದರೆ, ಕನಿಷ್ಠ ಮಟ್ಟದ ಪೆಟ್ರೋಲಿನಿಂದ ಓಡಿದ ಎಂಜಿನ್ನಿನಲ್ಲಿ ಸರಾಸರಿ 19 ಪಟ್ಟು ಹೆಚ್ಚು ಕೊಳೆ ಕಟ್ಟಿತ್ತು. ಅಂದರೆ ಕ್ಲೀನರ್ ಎಂಬುದು ಸುಳ್ಳಲ್ಲ, ಅದು ಕೆಲಸ ಮಾಡುತ್ತದೆ. ಆದರೆ ಯಾವ ಕೆಲಸ ಮಾಡುತ್ತದೆ, ಯಾವುದನ್ನು ಮಾಡುವುದಿಲ್ಲ ಎಂಬುದನ್ನು ತಿಳಿದು ಹಾಕಬೇಕು.

ಕ್ಲೀನರ್ ಎಲ್ಲಿ ಸೋಲುತ್ತದೆ?

ಒಂದು ಮಾತು ನೆನಪಿಡಿ: ಪೆಟ್ರೋಲ್ ಹರಿಯುವ ದಾರಿಯಲ್ಲಿ ಮಾತ್ರ ಕ್ಲೀನರ್ ಹೋಗುತ್ತದೆ.

ಜೆಟ್ ಪೂರ್ತಿ ಕಟ್ಟಿಹೋಗಿದ್ದರೆ ಅಲ್ಲಿ ಪೆಟ್ರೋಲೇ ಹರಿಯುವುದಿಲ್ಲ. ಮತ್ತೆ ಕ್ಲೀನರ್ ತಲುಪುವುದು ಹೇಗೆ? ಅದನ್ನು ಬಿಚ್ಚಿ, ಕಾರ್ಬುರೇಟರ್ ಸ್ಪ್ರೇ ಹೊಡೆದು, ಗಾಳಿ ಊದಿಯೇ ಶುಚಿ ಮಾಡಬೇಕು. ಏರ್ ಫಿಲ್ಟರಿಗೆ ಹುಲ್ಲಿನ ಧೂಳು ತುಂಬಿದ್ದರೆ ಕ್ಲೀನರ್ ಅಲ್ಲಿಗೆ ಹೋಗುವುದೇ ಇಲ್ಲ. ಪಿಸ್ಟನ್ ರಿಂಗ್ ಸವೆದಿದ್ದರೆ, ವಾಲ್ವ್ ಸುಟ್ಟಿದ್ದರೆ, ಪ್ಲಗ್ ಹಳೆಯದಾಗಿದ್ದರೆ ಎಷ್ಟು ಬಾಟಲಿ ಸುರಿದರೂ ಸರಿಹೋಗುವುದಿಲ್ಲ. ಸವೆದ ಕಬ್ಬಿಣ ಸೋಪಿನಿಂದ ಬೆಳೆಯುವುದಿಲ್ಲ.

ಹೈನುಗಾರರ ಮನೆಯಲ್ಲಿ ಮೊದಲು ಸಂಶಯ ಪಡಬೇಕಾದದ್ದು ಏರ್ ಫಿಲ್ಟರನ್ನೇ. ಒಣಹುಲ್ಲು, ಜೋಳದ ದಂಟು ಕತ್ತರಿಸುವ ಜಾಗದಲ್ಲಿ ಏಳುವ ಧೂಳು ರಸ್ತೆಯ ಧೂಳಿಗಿಂತ ಹೆಚ್ಚು. ಫಿಲ್ಟರ್ ಕಟ್ಟಿದರೆ ಗಾಳಿ ಕಡಿಮೆಯಾಗಿ, ಪೆಟ್ರೋಲ್ ಪೂರ್ತಿ ಉರಿಯದೆ ಮಸಿ ಕಟ್ಟುತ್ತದೆ. ಫಿಲ್ಟರ್ ಬಿಟ್ಟು ಕ್ಲೀನರ್ ಮಾತ್ರ ಹಾಕಿದರೆ, ಒಂದು ಕಡೆ ತೊಳೆದು ಇನ್ನೊಂದು ಕಡೆ ಮಸಿ ಬಳಿದ ಹಾಗೆ.

ಕೆಚ್ಚಲು ಬಾವಿಗೂ ಎಂಜಿನ್ನಿಗೂ ನಂಟು

ನಮ್ಮ ವ್ಯಾಪ್ತಿಯ ಒಂದು ಮಹಿಳಾ ಸಂಘದ ಸದಸ್ಯೆಯೊಬ್ಬರು ನಾಲ್ಕು ಮಿಶ್ರತಳಿ ಹಸು ಸಾಕಿದ್ದಾರೆ. ಮೂರು ತಿಂಗಳಲ್ಲಿ ಎರಡು ಹಸುಗಳಿಗೆ ಕೆಚ್ಚಲು ಬಾವು ಬಂತು. ಕೊಟ್ಟಿಗೆ ಶುಚಿಯಾಗಿತ್ತು. ಕರೆದ ಮೇಲೆ ತೊಟ್ಟು ಅದ್ದುವ ಔಷಧಿಯನ್ನೂ ಬಳಸುತ್ತಿದ್ದರು. ಚಿಕಿತ್ಸೆ ಕೊಟ್ಟು ವಾಸಿಯಾದ ಮೇಲೂ ಸಿಎಂಟಿ ಪರೀಕ್ಷೆಯಲ್ಲಿ ಮೂರನೆಯ ಹಸುವಿನ ಹಾಲು ಗಟ್ಟಿಯಾಯಿತು.

ಕರೆಯುವ ಹೊತ್ತಿಗೇ ಹೋಗಿ ನೋಡಿದಾಗ ವಿಷಯ ತಿಳಿಯಿತು. ಎಂಜಿನ್ ಮುಗ್ಗರಿಸಿದಾಗಲೆಲ್ಲ ವ್ಯಾಕ್ಯೂಮ್ ಗೇಜಿನ ಮುಳ್ಳು ಕೆಳಗೆ ಬೀಳುತ್ತಿತ್ತು, ಮತ್ತೆ ಜಿಗಿಯುತ್ತಿತ್ತು. ತೊಟ್ಟಿನ ಕಪ್ಪುಗಳು ಜಾರುತ್ತಿದ್ದವು. "ಕಪ್ಪು ಬಿದ್ರೆ ಮತ್ತೆ ಹಾಕ್ತೀನಿ ಸಾರ್, ಔಷಧಿ ಮೂರು ಬಾಟ್ಲಿ ಹಾಕಿದ್ದೀನಿ ಪೆಟ್ರೋಲಿಗೆ, ಸರಿಹೋಗ್ತಾ ಇಲ್ಲ" ಎಂದರು.

ಹಾಲು ಕರೆಯುವ ಯಂತ್ರದ ನಿರ್ವಾತ ಸಾಮಾನ್ಯವಾಗಿ 40ರಿಂದ 50 ಕಿಲೋಪ್ಯಾಸ್ಕಲ್ ಒಳಗೆ, ಅಲುಗಾಡದೆ ನಿಲ್ಲಬೇಕು. ಮುಳ್ಳು ಏರಿಳಿದರೆ, ಕಪ್ಪು ಜಾರಿ ಗಾಳಿ ಒಳನುಗ್ಗಿದರೆ, ಹಾಲಿನ ಹನಿಗಳು ವೇಗವಾಗಿ ಹಿಂದಕ್ಕೆ ಚಿಮ್ಮಿ ತೊಟ್ಟಿನ ತೂತಿಗೆ ಬಡಿಯುತ್ತವೆ. ಒಂದು ಕೆಚ್ಚಲಿನ ಭಾಗದಲ್ಲಿ ರೋಗಾಣು ಇದ್ದರೆ ಅದು ಹೀಗೆ ಇನ್ನೊಂದಕ್ಕೆ ಹೋಗುತ್ತದೆ. ಕರೆಯುವ ಹೊತ್ತೂ ಹೆಚ್ಚಾಗಿ ತೊಟ್ಟಿನ ತುದಿ ಒರಟಾಗುತ್ತದೆ. ಒರಟಾದ ತುದಿಯಲ್ಲಿ ರೋಗಾಣು ಮನೆ ಮಾಡುತ್ತದೆ.

ಆ ತಾಯಿಯ ಎಂಜಿನ್ನಿನ ಏರ್ ಫಿಲ್ಟರ್ ತೆಗೆದಾಗ ಮೇವಿನ ಧೂಳು ಚಾಪೆಯಂತೆ ಕಟ್ಟಿತ್ತು. ಮೆಕ್ಯಾನಿಕ್ ಕಾರ್ಬುರೇಟರ್ ಬಿಚ್ಚಿದಾಗ ಜೆಟ್ಟಿನಲ್ಲಿ ಅಂಟು ಕೂತಿತ್ತು. ಫಿಲ್ಟರ್ ತೊಳೆದು, ಜೆಟ್ ಶುಚಿ ಮಾಡಿ, ಪ್ಲಗ್ ಬದಲಿಸಿದ ಮೇಲೆ ಗೇಜಿನ ಮುಳ್ಳು ನಿಂತಲ್ಲೇ ನಿಂತಿತು. ಹಳೆಯ ಲೈನರುಗಳನ್ನೂ ಬದಲಿಸಿಕೊಂಡರು. ಅದಾದ ಮೇಲೆ ಕಪ್ಪು ಜಾರುವುದು ನಿಂತಿತು. ಮೂರು ಬಾಟಲಿಯ ಹಣಕ್ಕಿಂತ, ಬಾವು ಬಂದಾಗ ಚೆಲ್ಲಿದ ಹಾಲಿನ ಹಣವೇ ಅವರಿಗೆ ದೊಡ್ಡ ನಷ್ಟವಾಗಿತ್ತು.

ಇಲ್ಲಿ ಬಾಟಲಿಯದೇನೂ ತಪ್ಪಿಲ್ಲ. ಜ್ವರ ಯಾವುದೆಂದು ನೋಡದೆ ಇಂಜೆಕ್ಷನ್ ಚುಚ್ಚಿದರೆ ಹಸು ಏಳುವುದಿಲ್ಲ. ಎಂಜಿನ್ನಿಗೂ ಮೊದಲು ಪರೀಕ್ಷೆ, ಆಮೇಲೆ ಔಷಧಿ.

ನೀವೇ ಮಾಡಬಹುದಾದ ಪರೀಕ್ಷೆ

ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಈ ಕ್ರಮದಲ್ಲಿ ನೋಡಿ.

1. ಏರ್ ಫಿಲ್ಟರ್: ಸ್ಪಂಜಿನದಾದರೆ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಯಂತ್ರದ ಪುಸ್ತಕದಲ್ಲಿ ಹೇಳಿದ್ದರೆ ಸ್ವಲ್ಪ ಎಂಜಿನ್ ಆಯಿಲ್ ಹಚ್ಚಿ ಹಿಂಡಿ ಹಾಕಿ. ಕಾಗದದ್ದಾದರೆ ತೊಳೆಯಬಾರದು. ಕೊಡವಿ, ತೀರಾ ಕೊಳೆಯಾಗಿದ್ದರೆ ಬದಲಿಸಿ.

2. ಪೆಟ್ರೋಲ್: ಒಂದು ಗಾಜಿನ ಲೋಟಕ್ಕೆ ಸ್ವಲ್ಪ ತೆಗೆದು ನೋಡಿ. ತಳದಲ್ಲಿ ನೀರಿನ ಪದರ, ತುಕ್ಕು, ಹುಳಿ ವಾರ್ನಿಷಿನಂಥ ವಾಸನೆ ಇದ್ದರೆ ಆ ಪೆಟ್ರೋಲ್ ತೆಗೆದುಬಿಡಬೇಕು. ಆ ಲೋಟವನ್ನು ಮತ್ತೆ ಅಡುಗೆಮನೆಗೆ ತರಬಾರದು.

3. ಸ್ಪಾರ್ಕ್ ಪ್ಲಗ್: ತುದಿ ತಿಳಿ ಕಂದು ಬಣ್ಣದಲ್ಲಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕರಿ ಮಸಿ ಇದ್ದರೆ ಗಾಳಿ ಕಡಿಮೆ ಅಥವಾ ಪೆಟ್ರೋಲ್ ಹೆಚ್ಚು. ಎಣ್ಣೆಯಂತೆ ಒದ್ದೆಯಾಗಿದ್ದರೆ ಆಯಿಲ್ ಹೆಚ್ಚಾಗಿದೆ ಅಥವಾ ರಿಂಗ್ ಸವೆದಿದೆ. ಸುಟ್ಟ ಬಿಳಿ ಬಣ್ಣವಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಎಂಜಿನ್ ಅತಿಯಾಗಿ ಕಾಯುತ್ತಿದೆ.

4. ಎಂಜಿನ್ ಆಯಿಲ್: ನಾಲ್ಕು ಸ್ಟ್ರೋಕಿನ ಎಂಜಿನ್ನಾದರೆ ಕಡ್ಡಿ ತೆಗೆದು ಮಟ್ಟ ನೋಡಿ.

ಈ ನಾಲ್ಕೂ ಸರಿಯಿದ್ದು, ಎಂಜಿನ್ ಓಡುತ್ತಿದ್ದು, ಆದರೆ ನಿಧಾನವಾಗಿ ಶಕ್ತಿ ಕಳೆದುಕೊಳ್ಳುತ್ತಿದ್ದರೆ ಆಗ ಕ್ಲೀನರ್ ಹಾಕಿ ನೋಡುವುದರಲ್ಲಿ ಅರ್ಥವಿದೆ. ಎಂಜಿನ್ ಸ್ಟಾರ್ಟೇ ಆಗದಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗಿ. ತೆಗೆದ ಹಳೆಯ ಪ್ಲಗ್, ಹಳೆಯ ಫಿಲ್ಟರ್ ತೋರಿಸಲು ಕೇಳಿ. ಹಣ ಕೊಡುವವರು ನೀವು, ಕೇಳಲು ಸಂಕೋಚ ಬೇಡ.

ಅಂಗಡಿಯಲ್ಲಿ ಯಾವ ಬಾಟಲಿ?

ಒಂದೇ ಸಾಲಿನಲ್ಲಿ ಐದಾರು ಬಗೆ ಇಟ್ಟಿರುತ್ತಾರೆ. ಕೊಳೆ ತೆಗೆಯುವುದು ಫ್ಯುಯೆಲ್ ಸಿಸ್ಟಮ್ ಕ್ಲೀನರ್. ಆಕ್ಟೇನ್ ಬೂಸ್ಟರ್ ಕೊಳೆ ತೆಗೆಯಲೆಂದು ಮಾಡಿದ್ದಲ್ಲ, ನಮ್ಮ ಸಣ್ಣ ಎಂಜಿನ್ನುಗಳಿಗೆ ಅದು ಬೇಕಿಲ್ಲ. ಸ್ಟೆಬಿಲೈಸರ್ ನಿಲ್ಲಿಸಿಟ್ಟ ಪೆಟ್ರೋಲ್ ಬೇಗ ಕೆಡದಂತೆ ತಡೆಯುತ್ತದೆ, ಕೆಟ್ಟ ಪೆಟ್ರೋಲನ್ನು ಸರಿಮಾಡುವುದಿಲ್ಲ. ಎಂಜಿನ್ ಫ್ಲಶ್ ಹಾಕುವುದು ಎಂಜಿನ್ ಆಯಿಲಿಗೆ. ಅದನ್ನು ಪೆಟ್ರೋಲ್ ಟ್ಯಾಂಕಿಗೆ ಸುರಿಯಬಾರದು. ಕಾರ್ಬುರೇಟರ್ ಸ್ಪ್ರೇ ಬಿಚ್ಚಿದ ಭಾಗಕ್ಕೆ ಹೊಡೆಯಲು ಮಾತ್ರ. ನಿಮ್ಮದು ಡೀಸೆಲ್ ಎಂಜಿನ್ ಆಗಿದ್ದರೆ ಪೆಟ್ರೋಲಿನ ಕ್ಲೀನರ್ ಹಾಕಲೇಬೇಡಿ, ಅದಕ್ಕೆ ಬೇರೆಯೇ ಇದೆ.

ಅಳತೆ ಮುಖ್ಯ. ಬಾಟಲಿಗಳನ್ನು ಹೆಚ್ಚಾಗಿ ಕಾರಿನ ಟ್ಯಾಂಕಿನ ಲೆಕ್ಕದಲ್ಲಿ ತುಂಬಿರುತ್ತಾರೆ. ಉದಾಹರಣೆಗೆ, ಲೇಬಲ್ಲಿನಲ್ಲಿ 10 ಲೀಟರಿಗೆ 50 ಮಿಲಿ ಎಂದಿದ್ದರೆ ಲೀಟರಿಗೆ 5 ಮಿಲಿ. 3 ಲೀಟರ್ ಟ್ಯಾಂಕಿಗೆ 15 ಮಿಲಿ. ಬ್ರಷ್ ಕಟರಿನ ಅರ್ಧ ಲೀಟರಿಗೆ ಎರಡೂವರೆ ಮಿಲಿ ಮಾತ್ರ. ಸೂಜಿ ಇಲ್ಲದ ಹೊಸ ಸಿರಿಂಜಿನಲ್ಲಿ ಅಳೆದು ಹಾಕಿ, ಆ ಸಿರಿಂಜನ್ನು ಅಂದೇ ಬಿಸಾಡಿ. ಹಸುವಿನ ಔಷಧಿಯ ಡಬ್ಬಿಗೆ ಅದು ಮರಳಿ ಬರಬಾರದು.

ಅಳತೆ ಮೀರಿ ಹಾಕಿದರೆ ಹೆಚ್ಚು ಶುಚಿಯಾಗುವುದಿಲ್ಲ. ಉರಿಯದೆ ಉಳಿದದ್ದು ಎಂಜಿನ್ ಆಯಿಲಿಗೆ ಇಳಿದು ಆಯಿಲನ್ನು ಕೆಡಿಸುತ್ತದೆ. ಆದ್ದರಿಂದ ಆಯಿಲ್ ಬದಲಿಸುವ ದಿನ ಹತ್ತಿರವಿರುವಾಗ ಕ್ಲೀನರ್ ಹಾಕಿ, ಆ ಟ್ಯಾಂಕ್ ಖಾಲಿಯಾದ ಮೇಲೆ ಆಯಿಲ್ ಬದಲಿಸುವುದು ಒಳ್ಳೆಯ ಕ್ರಮ.

ಎರಡು ಸ್ಟ್ರೋಕಿನ ಬ್ರಷ್ ಕಟರಿಗೆ ಪೆಟ್ರೋಲಿನ ಜೊತೆ 2ಟಿ ಆಯಿಲ್ ಬೆರೆಸಲೇಬೇಕು. ಕ್ಲೀನರ್ ಹಾಕಿದ್ದೇನೆಂದು ಆಯಿಲ್ ಬಿಡುವಂತಿಲ್ಲ. ಯಂತ್ರದ ಪುಸ್ತಕದಲ್ಲಿ 25ಕ್ಕೆ 1 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 40 ಮಿಲಿ, 50ಕ್ಕೆ 1 ಎಂದಿದ್ದರೆ 20 ಮಿಲಿ. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತದೆ.

ಇನ್ನು ಮನೆಮದ್ದುಗಳು. ಮೈಲೇಜ್ ಬರುತ್ತದೆಂದು ಕೆಲವರು ಟ್ಯಾಂಕಿಗೆ ನುಸಿಗುಳಿಗೆ ಹಾಕುತ್ತಾರೆ. ಪೆಟ್ರೋಲ್ ಆವಿಯಾದಾಗ ಅದು ಮತ್ತೆ ಹರಳುಗಟ್ಟಿ ಜೆಟ್ಟನ್ನು ಕಟ್ಟುತ್ತದೆ. ಸೀಮೆಎಣ್ಣೆ ಬೆರೆಸಿದರೆ ಎಂಜಿನ್ ಕುಟ್ಟುತ್ತದೆ, ಮಸಿ ಇನ್ನೂ ಹೆಚ್ಚುತ್ತದೆ. ಎರಡೂ ಬೇಡ.

ಎಥೆನಾಲ್ ಬೆರೆತ ಪೆಟ್ರೋಲ್

2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಇ20 ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿತು. ಇ20 ಎಂದರೆ ನೂರು ಪಾಲಿನಲ್ಲಿ 20 ಪಾಲು ಎಥೆನಾಲ್. ಕಬ್ಬು, ಜೋಳ, ಅಕ್ಕಿಯಂಥ ಬೆಳೆಗಳಿಂದ ತೆಗೆಯುವ ಈ ಎಥೆನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಶಕ್ತಿ ಇದೆ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ಅದು ಕೊಳೆಯಿಂದ ಆದದ್ದಲ್ಲ, ಕ್ಲೀನರ್ ಹಾಕಿದರೆ ಮರಳಿ ಬರುವುದೂ ಇಲ್ಲ.

ಎಥೆನಾಲ್ ನೀರನ್ನು ಹೀರುತ್ತದೆ. ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ತಿಂಗಳುಗಟ್ಟಲೆ ನಿಂತರೆ ನೀರು ಸೇರಿ, ಎಥೆನಾಲೂ ನೀರೂ ಒಟ್ಟಾಗಿ ತಳಕ್ಕಿಳಿಯಬಹುದು. ಎಂಜಿನ್ ಮೊದಲು ಎಳೆಯುವುದು ಆ ತಳದ್ದನ್ನೇ. ಅದನ್ನು ತೆಗೆದುಹಾಕದೆ ಬೇರೆ ದಾರಿಯಿಲ್ಲ. ಹಳೆಯ ಯಂತ್ರಗಳ ರಬ್ಬರ್ ಪೈಪ್ ಉಬ್ಬಿದೆಯೇ, ಬಿರುಕು ಬಿಟ್ಟಿದೆಯೇ ಎಂದೂ ನೋಡುತ್ತಿರಿ.

ಬ್ರಷ್ ಕಟರನ್ನು ತಿಂಗಳಿಗಿಂತ ಹೆಚ್ಚು ಬಳಸುವುದಿಲ್ಲ ಎಂದಾದರೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ಕಾರ್ಬುರೇಟರ್ ಒಣಗಿದ್ದರೆ ಅಂಟು ಕಟ್ಟುವುದಿಲ್ಲ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಯಾವ ಬಾಟಲಿಗೂ ಇದು ಕಡಿಮೆಯಲ್ಲ.

ಕೊಟ್ಟಿಗೆಯಲ್ಲಿ ಎಚ್ಚರ

ಈಗ ನನ್ನ ಕೆಲಸದ ಮಾತು. ಪೆಟ್ರೋಲ್, ಕ್ಲೀನರ್, ಸುಟ್ಟ ಆಯಿಲ್ ಮೂರೂ ರಾಸುಗಳಿಗೆ ವಿಷ.

ಬಾಯಾರಿದ ಕರು ಬಕೆಟ್ಟಿನಲ್ಲಿ ಏನಿದೆಯೆಂದು ನೋಡುವುದಿಲ್ಲ. ಪೆಟ್ರೋಲ್ ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ. ಅದಕ್ಕಿಂತ ಅಪಾಯವೆಂದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವುದು. ಉಸಿರಿನಲ್ಲಿ ಪೆಟ್ರೋಲ್ ವಾಸನೆ, ಕೆಮ್ಮು, ಜೊಲ್ಲು, ತೂರಾಟ ಕಂಡರೆ ತಕ್ಷಣ ಪಶುವೈದ್ಯರನ್ನು ಕರೆಯಿರಿ. ಅಷ್ಟರೊಳಗೆ ಎಣ್ಣೆ, ಮಜ್ಜಿಗೆ, ನೀರು ಏನನ್ನೂ ಗೊಟ್ಟದಲ್ಲಿ ಕುಡಿಸಬೇಡಿ. ಕುಡಿಸಿದರೆ ಶ್ವಾಸಕೋಶಕ್ಕೆ ಹೋಗುವ ಅಪಾಯ ಹೆಚ್ಚುತ್ತದೆ. ರಾಸನ್ನು ಗಾಳಿಯಾಡುವ ಕಡೆ ನಿಲ್ಲಿಸಿ, ಮೈಮೇಲೆ ಚೆಲ್ಲಿದ್ದರೆ ಸೋಪಿನ ನೀರಿನಲ್ಲಿ ತೊಳೆಯಿರಿ, ಬಾಟಲಿಯನ್ನು ತೆಗೆದಿಟ್ಟು ವೈದ್ಯರಿಗೆ ತೋರಿಸಿ. ಆ ರಾಸಿನ ಹಾಲನ್ನು ವೈದ್ಯರು ಹೇಳುವವರೆಗೆ ಡೇರಿಗೂ ಹಾಕಬೇಡಿ, ಮನೆಗೂ ಬಳಸಬೇಡಿ.

ಮನೆಯ ಮಕ್ಕಳ ವಿಷಯದಲ್ಲೂ ಅಷ್ಟೇ. ಕ್ಲೀನರನ್ನಾಗಲಿ ಪೆಟ್ರೋಲನ್ನಾಗಲಿ ನೀರಿನ, ತಂಪು ಪಾನೀಯದ ಬಾಟಲಿಯಲ್ಲಿ ಇಡಬೇಡಿ. ಮಗು ಕುಡಿದರೆ ವಾಂತಿ ಮಾಡಿಸಬೇಡಿ, ಬಾಟಲಿ ಸಮೇತ ನೇರ ಆಸ್ಪತ್ರೆಗೆ ಹೋಗಿ.

ಕಜ್ಜಿಗೆ, ಉಣ್ಣೆಗೆ, ಗಾಯಕ್ಕೆ ಸುಟ್ಟ ಎಂಜಿನ್ ಆಯಿಲ್ ಹಚ್ಚುವ ರೂಢಿ ಕೆಲವು ಊರುಗಳಲ್ಲಿ ಇನ್ನೂ ಇದೆ. ಅದರಲ್ಲಿ ಲೋಹದ ಅಂಶಗಳಿರುತ್ತವೆ, ಹಸು ಮೈ ನೆಕ್ಕಿದಾಗ ಹೊಟ್ಟೆಗೆ ಹೋಗುತ್ತವೆ. ಉಣ್ಣೆಗೂ ಕಜ್ಜಿಗೂ ಸರಿಯಾದ ಔಷಧಿ ಇದೆ, ಕೇಳಿ ಪಡೆಯಿರಿ.

ಹಾಲು ವಾಸನೆಯನ್ನು ಬಹಳ ಬೇಗ ಹಿಡಿಯುತ್ತದೆ. ಕ್ಯಾನಿಗೆ ತಾಗಿದ ಪೆಟ್ರೋಲ್ ಕೈಯ ವಾಸನೆಯಷ್ಟೇ ಅಲ್ಲ, ಹಸು ಉಸಿರಾಡಿದ ವಾಸನೆಯೂ ರಕ್ತದ ಮೂಲಕ ಹಾಲಿಗೆ ಬರುತ್ತದೆ. ಎಂಜಿನ್ನಿನ ಹೊಗೆಯ ಪೈಪ್ ಕೊಟ್ಟಿಗೆಯ ಹೊರಗಿರಲಿ. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ತುಂಬಿ ನಿಮ್ಮ ಪ್ರಾಣಕ್ಕೇ ಕುತ್ತು. ಮೊಪೆಡ್ಡಿನಲ್ಲಿ ಹಾಲಿನ ಕ್ಯಾನಿನ ಜೊತೆ ಪೆಟ್ರೋಲ್ ಡಬ್ಬಿ ಕಟ್ಟಬೇಡಿ.

ಗೋಡೆಗೆ ಅಂಟಿಸಿಕೊಳ್ಳಿ

• ವಾರಕ್ಕೊಮ್ಮೆ: ಏರ್ ಫಿಲ್ಟರ್ ನೋಡಿ. ಒಣಮೇವು ಕತ್ತರಿಸುವ ದಿನಗಳಲ್ಲಿ ಪ್ರತಿದಿನ.
• ಪ್ರತಿ ಬಾರಿ ಕರೆಯುವಾಗ: ವ್ಯಾಕ್ಯೂಮ್ ಗೇಜಿನ ಮುಳ್ಳು ಅಲುಗಾಡುತ್ತಿದೆಯೇ ನೋಡಿ. ಅಲುಗಾಡಿದರೆ ಅಂದೇ ಕಾರಣ ಹುಡುಕಿ.
• ತಿಂಗಳಿಗೊಮ್ಮೆ: ಪ್ಲಗ್ ಬಿಚ್ಚಿ ಬಣ್ಣ ನೋಡಿ.
• ಪೆಟ್ರೋಲ್: ಒಂದು ತಿಂಗಳಿಗೆ ಬೇಕಾದಷ್ಟೇ ತನ್ನಿ.
• ಕ್ಲೀನರ್: ಪರೀಕ್ಷೆ ಮಾಡಿದ ಮೇಲೆ, ಲೇಬಲ್ ಓದಿ, ಅಳೆದು. ಒಮ್ಮೆ ಹಾಕಿ ಒಂದು ಟ್ಯಾಂಕ್ ಓಡಿಸಿಯೂ ಗುಣ ಕಾಣದಿದ್ದರೆ ಎರಡನೆಯ ಬಾಟಲಿ ಕೊಳ್ಳಬೇಡಿ, ಆ ಹಣವನ್ನು ಮೆಕ್ಯಾನಿಕ್‌ಗೆ ಕೊಡಿ.
• ಲೆಕ್ಕ: ಹಾಲಿನ ಪಾಸ್‌ಬುಕ್ಕಿನ ಜೊತೆ ಒಂದು ಸಣ್ಣ ನೋಟ್‌ಬುಕ್ ಇಡಿ. ಎಷ್ಟು ಪೆಟ್ರೋಲ್, ಎಂದು ಆಯಿಲ್, ಎಂದು ಫಿಲ್ಟರ್ ಎಂದು ಬರೆಯಿರಿ. ಎಂಜಿನ್ ಪೆಟ್ರೋಲ್ ಹೆಚ್ಚು ಕುಡಿಯತೊಡಗಿದರೆ ಆ ಪುಸ್ತಕವೇ ಮೊದಲು ಹೇಳುತ್ತದೆ.

ಮುಂದಿನ ಬಾರಿ ನಿಮ್ಮ ಸಂಘಕ್ಕೆ ಸಿಎಂಟಿ ಪರೀಕ್ಷೆಗೆ ಬಂದಾಗ ಯಂತ್ರದ ವ್ಯಾಕ್ಯೂಮನ್ನೂ ನೋಡಲು ಹೇಳಿ. ಐದು ನಿಮಿಷದ ಕೆಲಸ. ಹಸುವಿನ ಕೆಚ್ಚಲು ನೋಡಿದ ಮೇಲೆ ಅದಕ್ಕೆ ಜೋಡಿಸುವ ಯಂತ್ರವನ್ನು ನೋಡದೆ ಹೋಗುವುದು ಸರಿಯಲ್ಲ.